ಏಜೆಂಟರು ಒಬ್ಬರಿಂದೊಬ್ಬರು ಕಲಿತರೆ ನಮ್ಮವರ ಮನೆ ಉಳಿದೀತು

ಊರಿನಿಂದ ಮುಂಬಯಿಗೆ ಬಂದವನಿಗೆ ಹಿಂದೆ ಮನೆಯ ಚಿಂತೆ ಅಷ್ಟಾಗಿ ಇರಲಿಲ್ಲ. ದುಡಿಯುವ ಹೋಟೆಲೇ ಮನೆ, ರಾತ್ರಿ ಮೇಜುಗಳನ್ನು ಜೋಡಿಸಿದರೆ ಅದೇ ಮಂಚ. ಮದುವೆಯಾದ ಮೇಲೆ ಊರಿನವರೇ ಯಾರೋ ಚಾಲಿನಲ್ಲಿ ಒಂದು ಖೋಲಿ ತೋರಿಸುತ್ತಿದ್ದರು. ಪರಿಚಯಸ್ಥರ ಮಾತೇ ಕರಾರುಪತ್ರ. ಈಗ ಕಾಲ ಬದಲಾಗಿದೆ. ನಮ್ಮವರು ಡೊಂಬಿವಲಿ, ಕಲ್ಯಾಣ್, ಬದ್ಲಾಪುರ, ಮೀರಾರೋಡ್, ವಸಾಯಿ, ಪನ್ವೇಲ್ ಎಂದು ದೂರ ದೂರದಲ್ಲಿ ಫ್ಲ್ಯಾಟ್ ಖರೀದಿಸುತ್ತಿದ್ದಾರೆ. ಪ್ರಾವಿಡೆಂಟ್ ಫಂಡಿನ ಹಣ, ಹೆಂಡತಿಯ ಚಿನ್ನ, ಊರಿನ ಜಾಗದ ಪಾಲು, ಅದರ ಮೇಲೆ ಇಪ್ಪತ್ತು ವರ್ಷಗಳ ಬ್ಯಾಂಕ್ ಸಾಲ. ಇವೆಲ್ಲ ಸೇರಿದರೆ ಒಂದು ಮನೆ. ಒಬ್ಬ ಮನುಷ್ಯ ಜೀವಮಾನದಲ್ಲಿ ಒಮ್ಮೆ ಮಾಡುವ ಈ ಅತಿ ದೊಡ್ಡ ವ್ಯವಹಾರದಲ್ಲಿ ಮೊದಲಿನಿಂದ ಕೊನೆಯವರೆಗೆ ಅವನ ಪಕ್ಕದಲ್ಲಿರುವ ವ್ಯಕ್ತಿ ಎಸ್ಟೇಟ್ ಏಜೆಂಟ್.

ನಮ್ಮ ಸಂಘ-ಸಂಸ್ಥೆಗಳು ವಿದ್ಯಾರ್ಥಿವೇತನ ಕೊಡುತ್ತವೆ, ಯಕ್ಷಗಾನ ಆಡಿಸುತ್ತವೆ, ವೈದ್ಯಕೀಯ ಶಿಬಿರ ನಡೆಸುತ್ತವೆ, ಸಾಧಕರಿಗೆ ಶಾಲು ಹೊದೆಸಿ ಫಲಪುಷ್ಪ ನೀಡುತ್ತವೆ. ಇವೆಲ್ಲ ಶ್ಲಾಘನೀಯವೇ. ಆದರೆ ಸದಸ್ಯನ ಇಡೀ ಗಳಿಕೆ ಯಾರ ಕೈಯಿಂದ ಹಾದು ಹೋಗುತ್ತದೆಯೋ ಆ ಏಜೆಂಟನ ಕುರಿತು, ಅವನಿಗೆ ಏನು ಗೊತ್ತು, ಯಾರು ಕಲಿಸಿದರು ಎಂಬುದರ ಕುರಿತು ನಮ್ಮ ಸಭೆಗಳಲ್ಲಿ ಚರ್ಚೆಯಾದದ್ದು ನಾನಂತೂ ಕಂಡಿಲ್ಲ. ಬ್ಯಾಂಕಿನ ಸಾಲ ವಿಭಾಗದಲ್ಲಿ ಗುಮಾಸ್ತನಾಗಿ ವರ್ಷಗಟ್ಟಲೆ ಫೈಲುಗಳನ್ನು ನೋಡಿದ ಅನುಭವದಿಂದ ಈ ವಿಷಯವನ್ನು ಸಮಾಜ ಬಾಂಧವರ ಮುಂದಿಡುತ್ತಿದ್ದೇನೆ.

ನಮ್ಮವರಲ್ಲಿ ಏಜೆಂಟರಾದವರು ಯಾರು? ಹೋಟೆಲು ಮುಚ್ಚಿದ ಮೇಲೆ ಕ್ಯಾಶಿಯರ್ ಕೆಲಸ ಕಳೆದುಕೊಂಡವರು, ಕಂಪೆನಿಯ ಕ್ಯಾಂಟೀನಿನ ಗುತ್ತಿಗೆ ಕೈತಪ್ಪಿದವರು, ಸ್ವಯಂ ನಿವೃತ್ತಿ ಪಡೆದವರು, ಮಕ್ಕಳು ದೊಡ್ಡವರಾದ ಮೇಲೆ ಮನೆಯಿಂದಲೇ ಬಾಡಿಗೆ ವ್ಯವಹಾರ ನೋಡಿಕೊಳ್ಳುವ ಮಹಿಳೆಯರು. ಸ್ಟೇಶನ್ ಬಳಿ ಒಂದು ಮೇಜು, ಎರಡು ಕುರ್ಚಿ, ಒಂದು ಮೊಬೈಲ್ ಇದ್ದರೆ ಆಫೀಸು ಆರಂಭ. ಬ್ಯಾಂಕಿಗೆ ಸೇರಿದವನಿಗೆ ಟ್ರೈನಿಂಗ್ ಇದೆ, ತಪ್ಪಿದರೆ ತಿದ್ದುವ ಅಧಿಕಾರಿ ಇದ್ದಾರೆ. ಇವರಿಗೆ ಬಹುಕಾಲ ಅದಾವುದೂ ಇರಲಿಲ್ಲ. ತಪ್ಪಿದಾಗಲೇ ತಪ್ಪೆಂದು ಗೊತ್ತಾಗಬೇಕು. ಅಷ್ಟರಲ್ಲಿ ಗಿರಾಕಿಯ ಹಣ ಹೋಗಿರುತ್ತದೆ.

ಒಂದು ಘಟನೆ ಹೇಳುತ್ತೇನೆ. ಹೆಸರುಗಳು ಬೇಡ. ಕುಂದಾಪುರ ಕಡೆಯ ಏಜೆಂಟರೊಬ್ಬರು ರೀಸೇಲ್ ಫ್ಲ್ಯಾಟಿನ ಸಾಲಕ್ಕೆ ಫೈಲು ತಂದಿದ್ದರು. ಮೂಲ ಮಾಲೀಕರು ತೀರಿಕೊಂಡಿದ್ದರು. ಮಗ ನಾಮಿನಿ. ಸೊಸೈಟಿಯವರು ಶೇರ್ ಸರ್ಟಿಫಿಕೇಟಿನಲ್ಲಿ ಮಗನ ಹೆಸರು ಬರೆದಿದ್ದರು. ಖರೀದಿಸುವವರೂ ನಮ್ಮವರೇ, ಪ್ರಾವಿಡೆಂಟ್ ಫಂಡಿನಿಂದ ತೆಗೆದ ಎರಡು ಲಕ್ಷ ರೂಪಾಯಿ ಟೋಕನ್ ಕೊಟ್ಟಾಗಿತ್ತು. ನಮ್ಮ ವಕೀಲರು ಫೈಲು ಹಿಂದೆ ಕಳಿಸಿದರು. ಮೃತರಿಗೆ ಇಬ್ಬರು ಹೆಣ್ಣುಮಕ್ಕಳೂ ಇದ್ದಾರೆ, ಅವರ ರಿಲೀಸ್ ಡೀಡ್, ಅಂದರೆ ಹಕ್ಕು ಬಿಟ್ಟುಕೊಡುವ ಪತ್ರ, ಎಲ್ಲಿ ಎಂಬುದು ಅವರ ಪ್ರಶ್ನೆ. ಏಜೆಂಟರು ಕೌಂಟರಿನ ಮುಂದೆ ನಿಂತು, “ಸೊಸೈಟಿಯೇ ಹೆಸರು ಹಾಕಿ ಕೊಟ್ಟಿದೆಯಲ್ಲ ಮಾರಾಯ್ರೆ, ಇನ್ನೇನು ಬೇಕು?” ಎಂದು ಕೇಳಿದರು. ಅವರು ಮೋಸಗಾರರಲ್ಲ. ನಾಮಿನಿ ಎಂದರೆ ಮಾಲೀಕ ಎಂದೇ ನಿಜವಾಗಿ ನಂಬಿದ್ದರು. ನಾಮಿನಿಯ ಹೆಸರು ಸೊಸೈಟಿಯ ಪುಸ್ತಕಕ್ಕೆ ಬಂದರೂ ವಾರಸುದಾರರ ಪಾಲು ಅಳಿಸಿ ಹೋಗುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಊರಿನಲ್ಲಿದ್ದ ಒಬ್ಬ ತಂಗಿ ಸಹಿ ಹಾಕಿದಳು, ಇನ್ನೊಬ್ಬಳು ಪಾಲು ಕೇಳಿದಳು. ಆಕೆ ಕೇಳಿದ್ದು ನ್ಯಾಯವೇ. ವ್ಯವಹಾರ ಏಳು ತಿಂಗಳು ನಿಂತಿತು. ಟೋಕನ್ ಹಣ ಮಾರುವವರ ಕೈಯಲ್ಲಿ ಖರ್ಚಾಗಿ ಹೋಗಿತ್ತು. ಕೊನೆಗೆ ವ್ಯವಹಾರ ಮುರಿದು, ಕಂತುಕಂತಾಗಿ ಹಣ ವಾಪಸು ಬಂತು. ಏಜೆಂಟರು ಮುಖ ಉಳಿಸಿಕೊಳ್ಳಲು ತಮ್ಮ ಕೈಯಿಂದಲೂ ಸ್ವಲ್ಪ ಕೊಟ್ಟರು ಎಂದು ಆಮೇಲೆ ತಿಳಿಯಿತು.

ಇಂತಹ ಕಥೆಗಳು ಬೇಕಾದಷ್ಟಿವೆ. ಇದನ್ನೇ ಹೇಳಲು ಕಾರಣ ಅವರು ಆಮೇಲೆ ಮಾಡಿದ ಕೆಲಸ. ಡೊಂಬಿವಲಿಯಿಂದ ಬದ್ಲಾಪುರದವರೆಗಿನ ನಲ್ವತ್ತರಷ್ಟು ಏಜೆಂಟರು ಸೇರಿ ಮಾಡಿಕೊಂಡ ಒಂದು ವಾಟ್ಸಾಪ್ ಗ್ರೂಪಿನಲ್ಲಿ ಅವರೂ ಇದ್ದಾರೆ. ಫೈಲು ಹಿಂದೆ ಬಂದ ರಾತ್ರಿಯೇ ನಡೆದದ್ದನ್ನೆಲ್ಲ ಗಿರಾಕಿಯ ಹೆಸರಿಲ್ಲದೆ ಅಲ್ಲಿ ಬರೆದರು. ‘ನಾನು ಶೇರ್ ಸರ್ಟಿಫಿಕೇಟ್ ನೋಡಿದೆ, ವಾರಸುದಾರರನ್ನು ಕೇಳಲಿಲ್ಲ, ಇದು ನನ್ನ ತಪ್ಪು, ನೀವು ಮಾಡಬೇಡಿ’ ಎಂಬುದು ಅದರ ಸಾರಾಂಶ. ಕೆಲವರು ನಕ್ಕರಂತೆ. ಆದರೆ ವಾರದೊಳಗೆ ಇನ್ನೊಬ್ಬ ಏಜೆಂಟ್ ಅಂತಹದೇ ಒಂದು ಫ್ಲ್ಯಾಟಿನ ಟೋಕನ್ ತಡೆದು, ಮೊದಲು ಅಕ್ಕತಂಗಿಯರ ಸಹಿ ತರಿಸಿದರಂತೆ. ಒಬ್ಬ ತನ್ನ ತಪ್ಪು ಹೇಳಿಕೊಂಡದ್ದರಿಂದ ತನಗೆ ಗೊತ್ತೇ ಇರದ ಒಂದು ಕುಟುಂಬದ ಹಣ ಉಳಿಯಿತು. ಈ ಪುಟ್ಟ ಸಂಗತಿಯಲ್ಲಿ ನಮಗೆಲ್ಲ ಒಂದು ಪಾಠವಿದೆ.

ನಾನು ಬಿ.ಕಾಂ. ಮಾಡಿದ್ದು ಸಂಜೆ ಕಾಲೇಜಿನಲ್ಲಿ. ಹಗಲು ದುಡಿದು ಬಂದವನಿಗೆ ಪಾಠದ ನಡುವೆ ಕಣ್ಣು ಮುಚ್ಚುತ್ತಿತ್ತು. ಪಾಸಾದದ್ದು ಪಕ್ಕದ ಬೆಂಚಿನವನ ನೋಟ್ಸಿನಿಂದ. ಅವನು ತಪ್ಪಿದ ಲೆಕ್ಕ ನನಗೆ ತೋರಿಸುತ್ತಿದ್ದ, ನಾನು ತಪ್ಪಿದ್ದು ಅವನಿಗೆ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತ ಹಿರಿಯರನ್ನು ಕೇಳಿದರೆ ಅವರೂ ಇದನ್ನೇ ಹೇಳಿಯಾರು. ಒಂದೇ ಕಷ್ಟದಲ್ಲಿರುವವನು ಹೇಳಿಕೊಟ್ಟದ್ದು ಬೇಗ ತಲೆಗೆ ಹೋಗುತ್ತದೆ, ಏಕೆಂದರೆ ಎಲ್ಲಿ ಎಡವುತ್ತಾರೆ ಎಂದು ಅವನಿಗೆ ಗೊತ್ತಿರುತ್ತದೆ.

ಕಾನೂನು ಈಗ ಏಜೆಂಟರಿಗೂ ಬಂದಿದೆ, ನಿಜ. 2016ರ ರೇರಾ ಕಾಯಿದೆ 2017ರ ಮೇ 1ರಿಂದ ಪೂರ್ಣವಾಗಿ ಜಾರಿಗೆ ಬಂತು. ನೋಂದಾಯಿತ ಯೋಜನೆಯ ಮನೆ ಮಾರಿಸುವ ಏಜೆಂಟ್ ತಾನೂ ನೋಂದಾಯಿಸಿಕೊಳ್ಳಬೇಕು, ನೋಂದಣಿಯಾಗಬೇಕಾದ ಯೋಜನೆ ನೋಂದಣಿ ಇಲ್ಲದೆ ಮಾರಾಟಕ್ಕಿದ್ದರೆ ಅದಕ್ಕೆ ಕೈ ಹಾಕಬಾರದು, ಲೆಕ್ಕಪತ್ರ ಇಡಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿಯಂತೆ, ಮಾರಿಸಿದ ಮನೆಯ ಬೆಲೆಯ ಶೇ. 5ರವರೆಗೆ ದಂಡ. ಮಹಾರಾಷ್ಟ್ರದಲ್ಲಿ ಮಹಾರೇರಾ ಒಂದು ಹೆಜ್ಜೆ ಮುಂದೆ ಹೋಗಿ 2023ರಲ್ಲಿ ಏಜೆಂಟರಿಗೆ ತರಬೇತಿ, ಪರೀಕ್ಷೆ ಹಾಗೂ ಪ್ರಮಾಣಪತ್ರವನ್ನು ಕಡ್ಡಾಯಗೊಳಿಸಿತು. ಪ್ರಮಾಣಪತ್ರ ಪಡೆಯದ ಸಾವಿರಾರು ಏಜೆಂಟರ ನೋಂದಣಿ 2024ರಲ್ಲಿ ಅಮಾನತಾಯಿತು. ಐವತ್ತು ದಾಟಿದ ನಮ್ಮ ಕೆಲವು ಏಜೆಂಟರು ಆಗ ಪರೀಕ್ಷೆಗೆ ಹೆದರಿ, ಕೊನೆಗೆ ಒಬ್ಬರ ಮನೆಯಲ್ಲಿ ಸೇರಿ ರಾತ್ರಿ ಹನ್ನೊಂದರವರೆಗೆ ಒಟ್ಟಿಗೆ ಓದಿದ್ದನ್ನು ನಾನು ಬಲ್ಲೆ.

ಪರೀಕ್ಷೆ ಬೇಕು. ಆದರೆ ರೇರಾ ಮುಖ್ಯವಾಗಿ ಹೊಸ ಯೋಜನೆಗಳಿಗೆ ಸಂಬಂಧಿಸಿದ್ದು. ನಮ್ಮ ಏಜೆಂಟರ ದಿನನಿತ್ಯದ ಅನ್ನ ಬಾಡಿಗೆ ಮತ್ತು ರೀಸೇಲಿನಲ್ಲಿದೆ. ಅಲ್ಲಿನ ಎಡವಟ್ಟುಗಳೇ ಬೇರೆ. ‘ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಬೇಡ’ ಎಂಬ ಮಾತನ್ನೇ ನೋಡಿ. ಬೇರೆ ರಾಜ್ಯಗಳಲ್ಲಿ ಒಂದು ವರ್ಷಕ್ಕಿಂತ ಕಡಿಮೆ ಅವಧಿಯ ಬಾಡಿಗೆ ಕರಾರನ್ನು ನೋಂದಾಯಿಸದೆ ಬಿಡುವ ರೂಢಿಯಿಂದ ಬಂದ ಮಾತಿದು. ಮಹಾರಾಷ್ಟ್ರದಲ್ಲಿ ಹಾಗಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೇ ಕಲಮಿನಂತೆ ಲೀವ್ ಎಂಡ್ ಲೈಸನ್ಸ್ ಕರಾರು ಎಷ್ಟೇ ತಿಂಗಳದ್ದಾಗಿರಲಿ ಲಿಖಿತವಾಗಿರಬೇಕು, ನೋಂದಣಿಯಾಗಬೇಕು. ಹೊಣೆ ಮಾಲೀಕನದ್ದು. ತಪ್ಪಿದರೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಷ್ಟೇ ಅಲ್ಲ, ನೋಂದಾಯಿತ ಕರಾರು ಇಲ್ಲದಿದ್ದರೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ, ಸುಳ್ಳೆಂದು ಸಾಬೀತಾಗುವವರೆಗೆ, ನಿಲ್ಲುತ್ತದೆ. ನಿವೃತ್ತಿಯ ನಂತರ ಊರಿಗೆ ಹೋಗಿ ಇಲ್ಲಿನ ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟ ನಮ್ಮ ಎಷ್ಟು ಹಿರಿಯರ ಬಳಿ ನೋಂದಾಯಿತ ಕರಾರು ಇದೆ? ನೂರು ರೂಪಾಯಿಯ ಸ್ಟಾಂಪ್ ಪೇಪರಿನ ಮೇಲೆ ನಂಬಿಕೆಯಿಟ್ಟು ನಿದ್ದೆ ಮಾಡುವವರೇ ಹೆಚ್ಚು. ಅನುಭವಿ ಏಜೆಂಟ್ ಒಬ್ಬ ಹೊಸಬನಿಗೆ ಇದನ್ನು ಎರಡು ನಿಮಿಷದಲ್ಲಿ ಹೇಳಬಲ್ಲ.

ಹಾಗೆಯೇ ಮೂಲ ಅಗ್ರಿಮೆಂಟ್ ಕಳೆದುಹೋದ ಫ್ಲ್ಯಾಟು. ಹೊಸ ಏಜೆಂಟ್ ಹೆದರಿ ಗಿರಾಕಿಯನ್ನು ಬಿಡುತ್ತಾನೆ, ಇಲ್ಲವೇ ‘ಝೆರಾಕ್ಸ್ ನಡೆಯುತ್ತದೆ’ ಎಂದು ಧೈರ್ಯ ಹೇಳುತ್ತಾನೆ. ಎರಡೂ ತಪ್ಪು. ಪೊಲೀಸ್ ಠಾಣೆಯಲ್ಲಿ ಕಳೆದುಹೋದ ದೂರು, ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ, ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು, ವಕೀಲರ ಸರ್ಚ್ ರಿಪೋರ್ಟ್, ಹೀಗೆ ಅದಕ್ಕೊಂದು ದಾರಿಯಿದೆ. ಈ ದಾರಿಯನ್ನು ಒಮ್ಮೆ ನಡೆದವನು ಹೇಳಿದರೆ ಉಳಿದವರಿಗೆ ಅಲೆದಾಟ ತಪ್ಪುತ್ತದೆ.

ಇನ್ನು ನಮ್ಮೆಲ್ಲರ ಕಣ್ಣು ತೆರೆಸಬೇಕಾದ ದೊಡ್ಡ ಪ್ರಕರಣ ಕಲ್ಯಾಣ್-ಡೊಂಬಿವಲಿಯದ್ದು. ಅಲ್ಲಿ 65 ಕಟ್ಟಡಗಳು ಮಹಾನಗರಪಾಲಿಕೆಯ ನಕಲಿ ಅನುಮತಿ ಪತ್ರಗಳನ್ನು ತೋರಿಸಿ ಮಹಾರೇರಾ ನೋಂದಣಿ ಸಂಖ್ಯೆ ಪಡೆದಿದ್ದವು. ಬೊಂಬಾಯಿ ಹೈಕೋರ್ಟ್ 2024ರ ನವೆಂಬರ್‌ನಲ್ಲಿ ಅವುಗಳನ್ನು ಕೆಡವಲು ಆದೇಶಿಸಿತು. ಮನೆ ಕೊಂಡವರು ನಂಬರ್ ನೋಡಿದ್ದರು, ನಂಬಿದ್ದರು. ಆಮೇಲೆ ಅವರು ಕೋರ್ಟು, ಸರಕಾರ ಎಂದು ಅಲೆಯಬೇಕಾಯಿತು. ನಾಲಾಸೋಪಾರದಲ್ಲಿ ಸಾರ್ವಜನಿಕ ಉಪಯೋಗಕ್ಕೆ ಮೀಸಲಾಗಿದ್ದ ಜಾಗದಲ್ಲಿ ಎದ್ದಿದ್ದ 41 ಅನಧಿಕೃತ ಕಟ್ಟಡಗಳನ್ನು ಕೆಡವುವ ಕೆಲಸ 2025ರ ಫೆಬ್ರವರಿ ಹೊತ್ತಿಗೆ ಮುಗಿದು ಸಾವಿರಾರು ಜನ ಬೀದಿಗೆ ಬಂದರು. ಈ ಉಪನಗರಗಳಲ್ಲಿ ನಮ್ಮವರು ಎಷ್ಟು ಮಂದಿ ನೆಲೆಸಿದ್ದಾರೆಂದು ಓದುಗರಿಗೆ ಹೇಳಬೇಕಾಗಿಲ್ಲ.

ಈ ಪ್ರಕರಣಗಳ ಪಾಠ ಏನು? ‘ಪಿ’ ಅಕ್ಷರದಿಂದ ಆರಂಭವಾಗುವ ಯೋಜನೆಯ ನಂಬರ್ ಇದ್ದ ಮಾತ್ರಕ್ಕೆ ಕಣ್ಣು ಮುಚ್ಚುವಂತಿಲ್ಲ. ಕಟ್ಟಡದ ಅನುಮತಿಯನ್ನು ಪಾಲಿಕೆಯ ನಗರ ರಚನಾ ವಿಭಾಗದಲ್ಲೇ ವಿಚಾರಿಸಬೇಕು. ಸಾತ್‌ಬಾರಾ ಉತಾರ ಅಥವಾ ಪ್ರಾಪರ್ಟಿ ಕಾರ್ಡಿನಲ್ಲಿ ಜಾಗ ಯಾರದ್ದು, ಅಭಿವೃದ್ಧಿ ಯೋಜನೆಯಲ್ಲಿ ಅದು ಯಾವುದಕ್ಕಾದರೂ ಮೀಸಲಾಗಿದೆಯೇ ಎಂದು ನೋಡಬೇಕು. ಒಬ್ಬ ಏಜೆಂಟ್ ಎಲ್ಲ ಕಟ್ಟಡಗಳ ಅನುಮತಿ ಹುಡುಕುತ್ತಾ ಕೂರಲಾರ. ಆದರೆ ನಲ್ವತ್ತು ಏಜೆಂಟರಲ್ಲಿ ಒಬ್ಬೊಬ್ಬರು ತಮ್ಮ ಪರಿಸರದ ಒಂದೆರಡು ಕಟ್ಟಡ ವಿಚಾರಿಸಿ, ಕಾಗದ ನೋಡಿದ ದಿನಾಂಕದೊಂದಿಗೆ ಉಳಿದವರಿಗೆ ತಿಳಿಸಿದರೆ, ನಲ್ವತ್ತು ಜನರಿಗೂ ಎಂಬತ್ತು ಕಟ್ಟಡಗಳ ಮಾಹಿತಿ ಕೈಯಲ್ಲಿರುತ್ತದೆ. ಇದಕ್ಕೆ ದುಡ್ಡು ಬೇಡ, ಮನಸ್ಸು ಬೇಕು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ‘ನಾವು ಒಂದೇ ಸ್ಟೇಶನಿನ ಹತ್ತು ಏಜೆಂಟರು, ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಎಳೆಯುವವರು, ಗುಟ್ಟು ಹೇಳಿದರೆ ನನ್ನ ಹೊಟ್ಟೆಪಾಡೇನು?’ ಎಂದು. ಕೇಳಬೇಕಾದ ಪ್ರಶ್ನೆಯೇ. ಗಿರಾಕಿ ಯಾರು, ಮಾರುವವನ ಕೊನೆಯ ರೇಟು ಎಷ್ಟು ಎಂಬುದು ವ್ಯಾಪಾರದ ಗುಟ್ಟು. ಅದನ್ನು ಯಾರೂ ಹೇಳಬೇಕಾಗಿಲ್ಲ. ಕಾಗದ ಹೇಗೆ ಓದಬೇಕು ಎಂಬುದು ಗುಟ್ಟಲ್ಲ, ವೃತ್ತಿಯ ಮರ್ಯಾದೆ. ಒಬ್ಬ ಏಜೆಂಟ್ ತಪ್ಪಿದರೆ ಗಿರಾಕಿ ‘ಆ ಏಜೆಂಟ್ ಸರಿಯಿಲ್ಲ’ ಎನ್ನುವುದಿಲ್ಲ, ‘ಏಜೆಂಟರೆಲ್ಲ ಹೀಗೇ’ ಎನ್ನುತ್ತಾನೆ. ಇಂದು ಎಷ್ಟೋ ವ್ಯವಹಾರಗಳಲ್ಲಿ ಖರೀದಿಸುವವರ ಕಡೆ ಒಬ್ಬ ಏಜೆಂಟ್, ಮಾರುವವರ ಕಡೆ ಇನ್ನೊಬ್ಬ. ಎದುರಿನವನಿಗೆ ಕೆಲಸ ಗೊತ್ತಿಲ್ಲದಿದ್ದರೆ ಫೈಲು ನಿಲ್ಲುವುದು ಇಬ್ಬರದ್ದೂ, ದಲ್ಲಾಳಿ ಹೋಗುವುದೂ ಇಬ್ಬರದ್ದು. ಬ್ಯಾಂಕಿನಲ್ಲಿ ಕುಳಿತ ನಾವು ಯಾವ ಏಜೆಂಟನ ಫೈಲು ಸರಿಯಾಗಿರುತ್ತದೆಂದು ಬಲ್ಲೆವು. ಅವನ ಗಿರಾಕಿಯ ಸಾಲ ಬೇಗ ಆಗುತ್ತದೆ, ಅದು ಬಾಯಿಂದ ಬಾಯಿಗೆ ಹೋಗುತ್ತದೆ.

ಹಾಗೆಂದು ಈಗಿರುವ ಗ್ರೂಪುಗಳೆಲ್ಲ ಪಾಠಶಾಲೆಗಳೆಂದು ನಾನು ಹೇಳಲಾರೆ. ಬೆಳಗ್ಗೆ ಎದ್ದರೆ ದೇವರ ಚಿತ್ರ, ಹೂವಿನ ಚಿತ್ರ, ಅದರ ಕೆಳಗೆ ‘ಒನ್ ಬಿಎಚ್‌ಕೆ ಅರ್ಜೆಂಟ್ ಸೇಲ್’ ಎಂಬ ಮುನ್ನೂರು ಸಂದೇಶ. ಕೇಳಿದ ಪ್ರಶ್ನೆಯೊಂದು ಆ ರಾಶಿಯಲ್ಲಿ ಮುಳುಗಿ ಹೋಗುತ್ತದೆ. ತಪ್ಪು ಮಾಹಿತಿಯೂ ಸರಿಯಾದುದರಷ್ಟೇ ವೇಗವಾಗಿ ಓಡುತ್ತದೆ. ಹನ್ನೊಂದು ತಿಂಗಳ ಕಟ್ಟುಕಥೆ ಇಷ್ಟು ವರ್ಷ ಬದುಕಿದ್ದೇ ಹಾಗೆ.

ಅದಕ್ಕಿಂತ ಕಳವಳದ ಸಂಗತಿ ಇನ್ನೊಂದಿದೆ. ‘ಈ ಪಾರ್ಟಿ ಹೇಗೆ, ಯಾರಿಗಾದರೂ ಗೊತ್ತೇ?’ ಎಂದು ಗಿರಾಕಿಯ ಆಧಾರ್ ಕಾರ್ಡು, ಪ್ಯಾನ್ ಕಾರ್ಡುಗಳ ಫೋಟೋವನ್ನೇ ಗ್ರೂಪಿಗೆ ಹಾಕುವವರಿದ್ದಾರೆ. ಬ್ಯಾಂಕಿನವನಾಗಿ ಇದನ್ನು ಕಂಡರೆ ನನಗೆ ನಡುಕ. ಆ ಎರಡು ಕಾರ್ಡುಗಳ ನಕಲಿನಿಂದ ಏನೇನು ಮೋಸ ನಡೆಯುತ್ತದೆಂದು ದಿನಾಲೂ ನೋಡುತ್ತಿದ್ದೇವೆ. ಗಿರಾಕಿ ಕಾಗದ ಕೊಟ್ಟದ್ದು ನಿಮ್ಮೊಬ್ಬರನ್ನು ನಂಬಿ. ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಆಧಾರ್ ಪ್ರತಿ ತೆಗೆಯುವ ಸೌಲಭ್ಯವಿದೆ, ಅದನ್ನೇ ಕೇಳುವ ರೂಢಿ ಮಾಡಿಕೊಳ್ಳಿ. ಇನ್ನು ‘ಎಲ್ಲರೂ ಸೇರಿ ಇಷ್ಟೇ ಬ್ರೋಕರೇಜ್ ತೆಗೆದುಕೊಳ್ಳೋಣ’ ಎಂದು ಒಳಗೊಳಗೆ ದರ ನಿಗದಿ ಮಾಡುವುದು ಕಲಿಕೆಯಲ್ಲ. 2002ರ ಸ್ಪರ್ಧಾ ಕಾಯಿದೆ ಅಂತಹ ಒಪ್ಪಂದವನ್ನು ಒಪ್ಪುವುದಿಲ್ಲ. ಇಂತಹ ಜಾತಿಯವರಿಗೆ ಮನೆ ಬೇಡ, ಮೀನು ತಿನ್ನುವವರಿಗೆ ಬೇಡ ಎಂಬ ಪಟ್ಟಿ ಹಂಚುವುದಂತೂ ನಮಗೆ ಶೋಭೆಯಲ್ಲ. ಒಂದು ಕಾಲದಲ್ಲಿ ಇದೇ ನಗರದಲ್ಲಿ ಬಾಗಿಲು ಮುಚ್ಚಿಸಿಕೊಂಡವರು ನಾವು.

ಆದ್ದರಿಂದ ನಮ್ಮ ಏಜೆಂಟ್ ಮಿತ್ರರಿಗೆ ಕೆಲವು ಸರಳ ಸಲಹೆ. ಜಾಹೀರಾತಿಗೆ ಒಂದು ಗ್ರೂಪು, ಪ್ರಶ್ನೋತ್ತರಕ್ಕೆ ಬೇರೆಯೇ ಒಂದು ಗ್ರೂಪು ಇರಲಿ. ಪ್ರಶ್ನೆ ಕೇಳುವಾಗ ಗಿರಾಕಿಯ ಹೆಸರು, ಫ್ಲ್ಯಾಟ್ ನಂಬರ್ ಬೇಡ. ಉತ್ತರ ಕೊಡುವವರು ‘ಕೇಳಿದ್ದೇನೆ’ ಎನ್ನುತ್ತೀರೋ ‘ಮಾಡಿದ್ದೇನೆ’ ಎನ್ನುತ್ತೀರೋ ಸ್ಪಷ್ಟವಾಗಿ ಹೇಳಿ. ಕಾನೂನಿನ ಮಾತಾದರೆ ಯಾವ ಕಾಯಿದೆ, ಯಾವ ವರ್ಷ ಎಂದು ಬರೆಯಿರಿ. ತಿಂಗಳಿಗೊಮ್ಮೆ ಪ್ರತಿಯೊಬ್ಬರೂ ತಮ್ಮ ಒಂದು ತಪ್ಪನ್ನು ಹೇಳಿಕೊಳ್ಳಲಿ. ಹೇಳಿದವರನ್ನು ನೋಡಿ ನಗುವವರಿಗೆ ಹಿರಿಯರು ಬುದ್ಧಿ ಹೇಳಲಿ. ನಗು ಶುರುವಾದ ದಿನ ಕಲಿಕೆ ನಿಲ್ಲುತ್ತದೆ.

ಸಂಘ-ಸಂಸ್ಥೆಗಳ ಪದಾಧಿಕಾರಿಗಳಲ್ಲೂ ಒಂದು ವಿನಂತಿ. ಮೊಬೈಲಿನಲ್ಲಿ ನಡೆಯುವ ಕಲಿಕೆಗೆ ಒಂದು ಮುಖ ಬೇಕು. ಎರಡು ತಿಂಗಳಿಗೊಂದು ಭಾನುವಾರ ಬೆಳಗ್ಗೆ ಸಂಘದ ಸಭಾಗೃಹವನ್ನು ಎರಡು ಗಂಟೆ ಏಜೆಂಟರಿಗೆ ಬಿಟ್ಟುಕೊಡಿ. ವೇದಿಕೆ, ಹಾರ, ಸ್ಮರಣಿಕೆ ಬೇಡ. ಸುತ್ತ ಕುರ್ಚಿ ಹಾಕಿ, ಚಹಾ ಕೊಟ್ಟರೆ ಸಾಕು. ಸಮಾಜದಲ್ಲಿ ವಕೀಲರಿದ್ದಾರೆ, ನಿವೃತ್ತ ಬ್ಯಾಂಕ್ ಅಧಿಕಾರಿಗಳಿದ್ದಾರೆ, ಸೊಸೈಟಿಗಳ ಕಾರ್ಯದರ್ಶಿಗಳಿದ್ದಾರೆ. ಅವರಲ್ಲಿ ಒಬ್ಬರು ಬಂದು ಕುಳಿತು ಗ್ರೂಪಿನಲ್ಲಿ ಬಂದ ಉತ್ತರಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ತಿದ್ದಲಿ. ಮನೆ ಖರೀದಿಸಲಿರುವ ಸದಸ್ಯರೂ ಬಂದು ಹಿಂದಿನ ಸಾಲಿನಲ್ಲಿ ಕುಳಿತು ಕೇಳಲಿ. ಏಜೆಂಟರ ತಪ್ಪುಗಳ ಕಥೆ ಕೇಳಿದ ಗಿರಾಕಿ ಸುಲಭವಾಗಿ ಮೋಸ ಹೋಗುವುದಿಲ್ಲ.

ಸದಸ್ಯರಿಗೂ ಒಂದು ಮಾತು. ಊರಿನವನೆಂಬ ಒಂದೇ ಕಾರಣಕ್ಕೆ ಏಜೆಂಟನನ್ನು ನಂಬಬೇಡಿ. ಹೊಸ ಯೋಜನೆಯಾದರೆ ಅವನ ಮಹಾರೇರಾ ನಂಬರ್ ಮತ್ತು ಪ್ರಮಾಣಪತ್ರ ಕೇಳಿ. ನೋಂದಾಯಿತ ಅಗ್ರಿಮೆಂಟ್ ಆಗುವ ಮೊದಲು ಬಿಲ್ಡರ್ ಬೆಲೆಯ ಶೇ. 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಎಂಬುದು ನೆನಪಿರಲಿ. ರೀಸೇಲ್ ಆದರೆ ‘ವಾರಸುದಾರರು ಎಷ್ಟು ಮಂದಿ?’ ಎಂಬುದೇ ನಿಮ್ಮ ಮೊದಲ ಪ್ರಶ್ನೆಯಾಗಲಿ. ಏಜೆಂಟ್ ‘ನನಗೆ ಗೊತ್ತಿಲ್ಲ, ಗೊತ್ತಿದ್ದವರನ್ನು ಕೇಳಿ ನಾಳೆ ಹೇಳುತ್ತೇನೆ’ ಎಂದರೆ ಅವನನ್ನು ಬಿಡಬೇಡಿ. ನನ್ನ ಅನುಭವದಲ್ಲಿ ಅಂತಹವನೇ ಒಳ್ಳೆಯ ಏಜೆಂಟ್.

ಕುಂದಾಪುರ ಕಡೆಯ ಆ ಏಜೆಂಟರು ಮೊನ್ನೆ ಬ್ಯಾಂಕಿಗೆ ಬಂದಿದ್ದರು. ಕೈಯಲ್ಲಿ ಇನ್ನೊಂದು ಫೈಲು. ಮೇಲಿನ ಪುಟದಲ್ಲಿಯೇ ವಾರಸುದಾರರ ಪಟ್ಟಿ, ಅದರ ಹಿಂದೆ ಮೂರು ರಿಲೀಸ್ ಡೀಡ್. “ಈ ಸಲ ಕೇಳಿಕೊಂಡೇ ಬಂದೆ ಮಾರಾಯ್ರೆ” ಎಂದರು. ಫೈಲು ಹಿಂದೆ ಹೋಗಲಿಲ್ಲ. ಅದರಲ್ಲಿ ಸಾಲ ಪಡೆದ ದಂಪತಿ ಮುಂದಿನ ತಿಂಗಳು ಗೃಹಪ್ರವೇಶ ಇಟ್ಟುಕೊಂಡಿದ್ದಾರೆ.